ಲೈಸೊಸೋಮ್ ಕಿಣ್ವಕೊರತೆಯ ಕಾಯಿಲೆಗಳು: ಬೆಂಗಳೂರಿನ ಹೊರವಲಯದಲ್ಲಿ ಪತ್ತೆ ಮತ್ತು ಚಿಕಿತ್ಸೆ

ಜೀವಕೋಶದೊಳಗೆ ಸವೆದು ಹಳತಾದ ಪದಾರ್ಥಗಳನ್ನು ಒಡೆದು ಮರುಬಳಕೆಗೆ ಅಣಿಮಾಡುವ ಪುಟ್ಟ ಚೀಲಗಳಿಗೆ ಲೈಸೊಸೋಮ್‌ಗಳೆಂದು ಹೆಸರು. ಒಂದೊಂದು ಬಗೆಯ ಕೊಬ್ಬನ್ನು, ಒಂದೊಂದು ಬಗೆಯ ಸಕ್ಕರೆಯ ಸರಪಳಿಯನ್ನು ಒಡೆಯಲು ಅವುಗಳೊಳಗೆ ಒಂದೊಂದು ಕಿಣ್ವ ಇರುತ್ತದೆ. ತಂದೆತಾಯಿಯಿಂದ ಬಂದ ಜೀನ್‌ನ ದೋಷದಿಂದಾಗಿ ಇವುಗಳಲ್ಲಿ ಒಂದು ಕಿಣ್ವ ತಯಾರಾಗದೆ ಹೋದರೆ, ಇಲ್ಲವೇ ತಯಾರಾಗಿಯೂ ಕೆಲಸ ಮಾಡದಿದ್ದರೆ, ಒಡೆಯಬೇಕಾಗಿದ್ದ ವಸ್ತು ಕೋಶದಲ್ಲೇ ಉಳಿದು ವರ್ಷದಿಂದ ವರ್ಷಕ್ಕೆ ತುಂಬಿಕೊಳ್ಳುತ್ತದೆ. ರಾಜಕಾಲುವೆ ಕಟ್ಟಿಕೊಂಡಾಗ ನೀರು ತಗ್ಗಿನ ಮನೆಗಳಿಗೇ ಮೊದಲು ನುಗ್ಗುವ ಹಾಗೆ, ಯಾವ ಅಂಗದಲ್ಲಿ ಆ ವಸ್ತುವಿನ ಓಡಾಟ ಹೆಚ್ಚೋ ಆ ಅಂಗ ಮೊದಲು ಕೆಡುತ್ತದೆ. ಒಂದು ಕಾಯಿಲೆಯಲ್ಲಿ ಗುಲ್ಮ ಮತ್ತು ಯಕೃತ್ತು ಊದಿಕೊಂಡರೆ ಇನ್ನೊಂದರಲ್ಲಿ ಹೃದಯದ ಸ್ನಾಯು ದಪ್ಪಗಾಗುತ್ತದೆ, ಮತ್ತೊಂದರಲ್ಲಿ ಮಿದುಳು ಸೊರಗುತ್ತದೆ. ಇಂಥ ಕಾಯಿಲೆಗಳು ಸುಮಾರು 70 ಇವೆ. ಒಂದೊಂದೂ ಅಪರೂಪದ್ದೇ. ಎಲ್ಲವನ್ನೂ ಕೂಡಿಸಿದರೆ ಜಗತ್ತಿನಲ್ಲಿ ಹುಟ್ಟುವ ಐದರಿಂದ ಎಂಟು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇವುಗಳಲ್ಲಿ ಒಂದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದಷ್ಟು ಹೆರಿಗೆಗಳಾಗುತ್ತವೆ ಎಂದಿಟ್ಟುಕೊಂಡು ಇದೇ ಲೆಕ್ಕ ಹಿಡಿದರೆ, ಪ್ರತಿ ವರ್ಷ ನೂರಕ್ಕೂ ಹೆಚ್ಚು ಮಕ್ಕಳ ಮಾತು ಇದು.

ಕೊರತೆಯಿರುವ ಕಿಣ್ವವನ್ನು ಹೊರಗೆ ತಯಾರಿಸಿ ಡ್ರಿಪ್ ಮೂಲಕ ರಕ್ತಕ್ಕೆ ಸೇರಿಸುವ ಚಿಕಿತ್ಸೆ ಈ ಬಳಗದ ಹಲವು ಕಾಯಿಲೆಗಳಿಗೆ ಈಗ ಲಭ್ಯ. ಕಾಯಿಲೆ ಬೇಗ ಗೊತ್ತಾಗಿ, ಔಷಧ ತಪ್ಪದೆ ಸಿಕ್ಕರೆ ಮಗು ಶಾಲೆಗೆ ಹೋಗುತ್ತದೆ, ಎತ್ತರ ಬೆಳೆಯುತ್ತದೆ. ಈ ಎರಡೂ ಷರತ್ತುಗಳು, ಅಂದರೆ ಬೇಗ ಗೊತ್ತಾಗುವುದು ಮತ್ತು ತಪ್ಪದೆ ಸಿಗುವುದು, ಬೆಂಗಳೂರಿನ ಹೊರವಲಯದ ಕೈಗಾರಿಕಾ ಪಟ್ಟಿಯಲ್ಲಿ ಹೇಗೆ ಈಡೇರುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂಬುದು ಈ ಲೇಖನದ ಮುಖ್ಯ ವಿಷಯ.

ಚರಿತ್ರೆ

ಫ್ರಾನ್ಸಿನ ವೈದ್ಯ ಫಿಲಿಪ್ ಗೋಷೆ 1882ರಲ್ಲಿ, ಗುಲ್ಮ ವಿಪರೀತ ದೊಡ್ಡದಾಗಿದ್ದ ಒಬ್ಬ ಮಹಿಳೆಯ ಕಾಯಿಲೆಯನ್ನು ವಿವರಿಸಿದ. ಅದು ಗಡ್ಡೆಯಿರಬೇಕೆಂದು ಅವನ ಊಹೆಯಾಗಿತ್ತು. ಇಂದು ಗೋಷೆ ಕಾಯಿಲೆ ಎಂದು ಕರೆಯುವುದು ಅದನ್ನೇ. ಕನ್ನಡ ಪತ್ರಿಕೆಗಳಲ್ಲಿ ಗೌಚರ್ ಎಂದೂ ಬರೆಯುತ್ತಾರೆ. ಇಂಗ್ಲೆಂಡಿನ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಆಲ್ಕಾಪ್ಟೊನ್ಯೂರಿಯ ಎಂಬ, ಮೂತ್ರ ಕಪ್ಪಾಗುವ ಕಾಯಿಲೆಯನ್ನು ಅಭ್ಯಸಿಸಿ, ದೇಹದ ರಸಾಯನ ಕ್ರಿಯೆಯ ಒಂದು ಹೆಜ್ಜೆ ಹುಟ್ಟಿನಿಂದಲೇ ತಪ್ಪಿಹೋಗಬಲ್ಲದು, ಅದು ವಂಶದಲ್ಲಿ ಹರಿದು ಬರುತ್ತದೆ ಎಂದು ತೋರಿಸಿದ. ಅಂಥ ಮಕ್ಕಳ ತಂದೆತಾಯಿ ಹಲವು ಬಾರಿ ರಕ್ತಸಂಬಂಧಿಗಳಾಗಿರುವುದನ್ನು ಗಮನಿಸಿದವನೂ ಅವನೇ. ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದ್ಯೂವ್ 1955ರಲ್ಲಿ ಲೈಸೊಸೋಮನ್ನು ಗುರುತಿಸಿದ. ಅವನ ಸಹೋದ್ಯೋಗಿ ಹೆನ್ರಿ ಹರ್ಸ್ 1963ರಲ್ಲಿ ಪಾಂಪೆ ಕಾಯಿಲೆಗೆ ಅಲ್ಲಿನ ಒಂದು ಕಿಣ್ವದ ಕೊರತೆಯೇ ಕಾರಣವೆಂದು ಸಾಬೀತುಪಡಿಸಿದ ಮೇಲೆ ಈ ಇಡೀ ಬಳಗದ ಗುಟ್ಟು ಬಿಚ್ಚಿಕೊಂಡಿತು.

ಅಮೆರಿಕದ ರಾಸ್ಕೊ ಬ್ರೇಡಿ 1965ರ ಹೊತ್ತಿಗೆ ಗೋಷೆಯಲ್ಲಿ ಇಲ್ಲದಿರುವ ಕಿಣ್ವ ಗ್ಲುಕೊಸೆರೆಬ್ರೊಸೈಡೇಸ್ ಎಂದು ಪತ್ತೆಮಾಡಿದ. ಆ ಕಿಣ್ವವನ್ನು ಔಷಧವಾಗಿಸಲು ಮತ್ತೆ ಕಾಲು ಶತಮಾನ ಬೇಕಾಯಿತು. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವನ್ನು ಹೆರಿಗೆಯ ನಂತರ ಬೀಳುವ ಮಾಸುಗಳಿಂದ ತೆಗೆಯುತ್ತಿದ್ದರು. ಒಬ್ಬ ರೋಗಿಗೆ ಒಂದು ವರ್ಷಕ್ಕೆ ಸಾವಿರಾರು ಮಾಸು ಬೇಕಾಗುತ್ತಿತ್ತು. 1994ರಲ್ಲಿ ಇಮಿಗ್ಲುಸೆರೇಸ್ ಬಂದಿತು. ಇದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ ಜೀನ್ ತಂತ್ರದಿಂದ ಬೆಳೆಸಿದ ಕಿಣ್ವ. ಅಲ್ಲಿಂದ ಮುಂದೆ ಫ್ಯಾಬ್ರಿ, ಪಾಂಪೆ, ಮ್ಯೂಕೊಪಾಲಿಸ್ಯಾಕರಿಡೋಸಿಸ್‌ನ ಹಲವು ಬಗೆಗಳಿಗೆ ಒಂದೊಂದಾಗಿ ಕಿಣ್ವಗಳು ಬಂದವು.

ಮಗುವಿನಲ್ಲಿ ಕಾಣುವ ಚಿಹ್ನೆಗಳು

ಗೋಷೆಯ ಮಗುವಿನಲ್ಲಿ ಮೊದಲು ಕಾಣುವುದು ಹೊಟ್ಟೆ. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಚಾಚಿರುತ್ತದೆ. ಮಗು ಬೇಗ ದಣಿಯುತ್ತದೆ, ರಕ್ತ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ, ಸಣ್ಣ ಪೆಟ್ಟಿಗೂ ಮೈಮೇಲೆ ಕಂದುಗಟ್ಟುತ್ತದೆ, ರಾತ್ರಿ ಮೂಳೆನೋವೆಂದು ಅಳುತ್ತದೆ. ಮನೆಯಲ್ಲಿ ಜಂತುಹುಳ ಎನ್ನುತ್ತಾರೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಕಬ್ಬಿಣಾಂಶದ ಟಾನಿಕ್ ಸಿಗುತ್ತದೆ. ಆಮೇಲೆ ಮಲೇರಿಯಾ, ರಕ್ತದ ಕ್ಯಾನ್ಸರ್ ಎಂಬ ಸಂಶಯಗಳು ಒಂದರ ಹಿಂದೊಂದು ಬರುತ್ತವೆ. ಕೆಲವೊಮ್ಮೆ ಕಾರಣ ತಿಳಿಯುವ ಮೊದಲೇ ಗುಲ್ಮವನ್ನು ಕತ್ತರಿಸಿ ತೆಗೆದುಬಿಡುವುದೂ ಉಂಟು. ಹೀಗೆ ಮಾಡಿದರೆ ಹೊಟ್ಟೆ ಇಳಿಯುತ್ತದೆ, ಆದರೆ ಒಡೆಯದ ಕೊಬ್ಬು ಯಕೃತ್ತು ಮತ್ತು ಮೂಳೆಗಳತ್ತ ತಿರುಗಿ ಅವು ಇನ್ನಷ್ಟು ಹಾಳಾಗುತ್ತವೆ. ಗೋಷೆಯ ಮೂರು ಬಗೆಗಳಲ್ಲಿ ಮೊದಲನೆಯದು ಮಿದುಳನ್ನು ಮುಟ್ಟುವುದಿಲ್ಲ. ಎರಡನೆಯದು ಎಳೆಗೂಸನ್ನು ಎರಡು ಮೂರು ವರ್ಷದೊಳಗೆ ಕೊಂಡೊಯ್ಯುತ್ತದೆ. ಮೂರನೆಯದು ಇವೆರಡರ ನಡುವಿನದು, ನಿಧಾನವಾಗಿ ನರಮಂಡಲವನ್ನು ಆವರಿಸುತ್ತದೆ. ಭಾರತದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಜೀನ್ ದೋಷ ಎಲ್444ಪಿ ಎಂಬುದು. ಜೀನ್‌ನ ಎರಡು ಪ್ರತಿಗಳಲ್ಲೂ ಇದೇ ದೋಷವಿದ್ದರೆ ಮೂರನೆಯ ಬಗೆಗೆ ತಿರುಗುವ ಸಂಭವ ಹೆಚ್ಚು. ಆದ್ದರಿಂದ ನಮ್ಮ ವೈದ್ಯರು ನರಮಂಡಲದ ತೊಂದರೆಯ ಸುಳಿವಿಗಾಗಿ ಮಗುವಿನ ಕಣ್ಣಿನ ಚಲನೆಯನ್ನು ವಿಶೇಷವಾಗಿ ಗಮನಿಸುತ್ತಾರೆ.

ಮ್ಯೂಕೊಪಾಲಿಸ್ಯಾಕರಿಡೋಸಿಸ್‌ ಅನ್ನು ವೈದ್ಯರೂ ಪೋಷಕರೂ ಎಂಪಿಎಸ್ ಎಂದೇ ಕರೆಯುತ್ತಾರೆ. ಇದರ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಒಂದೆರಡು ವರ್ಷದಲ್ಲಿ ಮುಖದ ಗೆರೆಗಳು ದಪ್ಪಗಾಗುತ್ತವೆ, ಹೊಕ್ಕುಳ ಉಬ್ಬುತ್ತದೆ, ಬೆರಳುಗಳು ನೇರವಾಗುವುದಿಲ್ಲ, ಪದೇ ಪದೇ ಕಿವಿ ಸೋರುತ್ತದೆ, ನಿದ್ದೆಯಲ್ಲಿ ಗೊರಕೆ ಬರುತ್ತದೆ. ಹರ್ನಿಯಕ್ಕೆ ಒಬ್ಬ ಡಾಕ್ಟರು, ಕಿವಿಗೆ ಇನ್ನೊಬ್ಬರು, ಬೆನ್ನಿಗೆ ಮತ್ತೊಬ್ಬರು ನೋಡುತ್ತಾರೆ. ಈ ಎಲ್ಲ ತೊಂದರೆಗಳೂ ಒಂದೇ ಮಗುವಿನಲ್ಲಿರುವುದನ್ನು ಒಟ್ಟಿಗೆ ಇಟ್ಟು ಯೋಚಿಸುವವರು ಸಿಗುವ ತನಕ ಕಾಯಿಲೆಗೆ ಹೆಸರಿರುವುದಿಲ್ಲ. ಪಾಂಪೆಯ ಎಳೆಗೂಸಿನ ಕಥೆ ಇನ್ನೂ ಆತುರದ್ದು. ಕುತ್ತಿಗೆ ನಿಲ್ಲುವುದಿಲ್ಲ, ಮೈ ಬಟ್ಟೆಯಂತೆ ಸಡಿಲ, ಎಕ್ಸ್‌ರೇಯಲ್ಲಿ ಹೃದಯ ಎದೆಯ ತುಂಬ ಹರಡಿರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇಂಥ ಕೂಸುಗಳಲ್ಲಿ ಹೆಚ್ಚಿನವು ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತವೆ.

ಸಂಶಯ ಬಂದ ಮೇಲೆ ಪತ್ತೆ ಕಷ್ಟವಲ್ಲ. ಫಿಲ್ಟರ್ ಕಾಗದದ ಮೇಲೆ ಒಣಗಿಸಿದ ಕೆಲವು ಹನಿ ರಕ್ತದಲ್ಲೇ ಹಲವು ಕಿಣ್ವಗಳ ಚಟುವಟಿಕೆಯನ್ನು ಅಳೆಯಬಹುದು. ಕಡಿಮೆ ಕಂಡರೆ ಬಿಳಿರಕ್ತಕಣಗಳಲ್ಲಿ ಇನ್ನೊಮ್ಮೆ ಅಳೆದು, ಜೀನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಕಷ್ಟವಿರುವುದು ಆ ಸಂಶಯ ಮೂಡುವುದರಲ್ಲಿ.

ಸೋದರ ಸಂಬಂಧ ಮತ್ತು ಕರ್ನಾಟಕದ ಅಧ್ಯಯನಗಳು

ಈ ಬಳಗದ ಹೆಚ್ಚಿನ ಕಾಯಿಲೆಗಳು ಬರುವುದು ತಂದೆ ಮತ್ತು ತಾಯಿ ಇಬ್ಬರಿಂದಲೂ ಜೀನ್‌ನ ದೋಷವಿರುವ ಪ್ರತಿಯೇ ಮಗುವಿಗೆ ಸೇರಿದಾಗ ಮಾತ್ರ. ಒಂದೇ ಪ್ರತಿ ಇರುವವರು ವಾಹಕರು. ಅವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ, ತಾವು ವಾಹಕರೆಂಬುದೂ ಗೊತ್ತಿರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎಂಪಿಎಸ್‌ನ ಒಂದು ಬಗೆಯಾದ ಹಂಟರ್, ಜೊತೆಗೆ ಫ್ಯಾಬ್ರಿ, ಇದಕ್ಕೆ ಹೊರತು. ಅವುಗಳ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಹಂಟರ್ ಕಾಯಿಲೆ ಬಹುಪಾಲು ಗಂಡುಮಕ್ಕಳದ್ದು. ಮಗುವಿನ ಸೋದರಮಾವ ಚಿಕ್ಕಂದಿನಲ್ಲೇ ಹೀಗೆಯೇ ತೀರಿಕೊಂಡ ನೆನಪು ಅಜ್ಜಿಗೆ ಇದ್ದರೆ ವೈದ್ಯರಿಗೆ ಅದೇ ದೊಡ್ಡ ಸುಳಿವು.

ದಕ್ಷಿಣ ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳನ್ನು ಮದುವೆಯಾಗುವುದು ಹಳೆಯ ರೂಢಿ. ಇದನ್ನು ಊಹೆಗೆ ಬಿಡದೆ ಎಣಿಸಿ ನೋಡಿದ ಕೆಲಸ ನಡೆದದ್ದೂ ಇಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ತಳಿವಿಜ್ಞಾನಿ ಅಲನ್ ಬಿಟಲ್ಸ್ ಸೇರಿ 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತದಲ್ಲಿ ಅಮೈನೊ ಆಮ್ಲಗಳ ಏರುಪೇರು ಹುಡುಕಿದರು. ಭಾರತದಲ್ಲಿ ನವಜಾತರ ತಪಾಸಣೆ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಮೊದಲ ಪ್ರಯತ್ನ ಅದು. ಜೊತೆಗೇ ತಾಯಂದಿರಿಂದ ಮದುವೆಯ ಸಂಬಂಧವನ್ನೂ ಕೇಳಿ ಬರೆದುಕೊಂಡದ್ದರಿಂದ, ಆ ದಶಕದಲ್ಲಿ ಈ ಎರಡು ಊರುಗಳ ಹೆರಿಗೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ರಕ್ತಸಂಬಂಧದ ಮದುವೆಗಳಿಂದ ಆದವು, ಅದರಲ್ಲೂ ಹಿಂದೂ ಕುಟುಂಬಗಳಲ್ಲಿ ಸೋದರಮಾವ–ಸೊಸೆ ಮದುವೆ ಬಹಳ ಹೆಚ್ಚು ಎಂಬುದು ದಾಖಲೆಗೆ ಬಂದಿತು. ಕರ್ನಾಟಕದ ಆರೋಗ್ಯ ಚರಿತ್ರೆಯಲ್ಲಿ ಈ ಅಧ್ಯಯನಕ್ಕೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ.

ಸಂಬಂಧದೊಳಗಿನ ಮದುವೆ ಅಪಾಯವನ್ನು ಎಷ್ಟು ಹೆಚ್ಚಿಸುತ್ತದೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಕಾಯಿಲೆಗೆ ನೂರರಲ್ಲಿ ಒಬ್ಬರು ವಾಹಕರು ಎಂದುಕೊಳ್ಳೋಣ. ಸಂಬಂಧವಿಲ್ಲದ ದಂಪತಿಗಳಿಗೆ ಹುಟ್ಟುವ 40,000 ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಬರುತ್ತದೆ. ಸೋದರತ್ತೆಯ ಮಗ, ಸೋದರಮಾವನ ಮಗಳು ಮದುವೆಯಾದಾಗ ಅದು ಸುಮಾರು 3,000ಕ್ಕೆ ಒಂದು. ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾದರೆ 1,550ಕ್ಕೆ ಒಂದರ ಆಸುಪಾಸು. ಅಪಾಯ ಸುಮಾರು ಹದಿಮೂರರಿಂದ ಇಪ್ಪತ್ತಾರು ಪಟ್ಟು ಆಗುತ್ತದೆ, ಹಾಗಿದ್ದೂ ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ಹೇಳದ ಆರೋಗ್ಯ ಪ್ರಚಾರ ಕುಟುಂಬಗಳನ್ನು ಹೆದರಿಸುತ್ತದೆ, ಇಲ್ಲವೇ ಅವರು ಅದನ್ನು ನಂಬುವುದಿಲ್ಲ. ಕಾಯಿಲೆಯ ಹೊಣೆಯನ್ನು ಸೊಸೆಯ ತಲೆಗೆ ಕಟ್ಟುವ ಮನೆಗಳಿಗಂತೂ, ಮಗುವಿಗೆ ತಂದೆಯಿಂದಲೂ ಅಷ್ಟೇ ಪಾಲು ಬಂದಿದೆ ಎಂಬ ವಿವರಣೆ ಔಷಧದಷ್ಟೇ ಮುಖ್ಯ. ಸಂಬಂಧದ ಮದುವೆ ನಿಂತುಹೋದ ಕುಟುಂಬಗಳಲ್ಲೂ ಒಂದೇ ಜಾತಿ, ಒಂದೇ ಒಳಪಂಗಡದೊಳಗೆ ತಲೆಮಾರುಗಳಿಂದ ಹೆಣ್ಣು ತಂದು ಕೊಟ್ಟು ಮಾಡಿರುವುದರಿಂದ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಉಳಿದೇ ಇರುತ್ತದೆ.

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ

ರಾಜ್ಯ ಸರ್ಕಾರದ ಬೆಂಬಲದಿಂದ ಹುಟ್ಟಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆರಂಭದ ವರ್ಷಗಳಲ್ಲಿ ವೈಟ್‌ಫೀಲ್ಡ್ ರಸ್ತೆಯ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ನಡುವೆ ಕೆಲಸ ಮಾಡುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿ ತನ್ನ ನೆಲೆ ಮಾಡಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವರ್ಣತಂತು ವಿಜ್ಞಾನಿ ಎಚ್. ಶರತ್ ಚಂದ್ರ ಇದನ್ನು ಕಟ್ಟಿ ಮುನ್ನಡೆಸಿದವರು. ಪ್ರಯೋಗಾಲಯದ ಸಂಶೋಧನೆ ಮತ್ತು ಬಡ ಮಕ್ಕಳ ಚಿಕಿತ್ಸೆ ಬೇರೆ ಬೇರೆ ಆಗಬಾರದೆಂಬುದು ಈ ಸಂಸ್ಥೆಯ ವಿನ್ಯಾಸದಲ್ಲೇ ಇತ್ತು. ಹೊಸೂರು ರಸ್ತೆಯಲ್ಲಿ ಇದರ ವೈದ್ಯರು ಸಿಲ್ಕ್ ಬೋರ್ಡ್ ದಾಟಿ ನಗರದೊಳಗಿನ ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಿ ತಳಿರೋಗಗಳ ಕ್ಲಿನಿಕ್ ನಡೆಸುತ್ತಾರೆ. ಮೀನಾಕ್ಷಿ ಭಟ್ ಅವರಂಥ ತಳಿವೈದ್ಯರು ಅಲ್ಲಿ ರಾಜ್ಯದ ಮೂಲೆಮೂಲೆಯಿಂದ ಬರುವ ಮಕ್ಕಳನ್ನು ನೋಡುತ್ತಾ ಬಂದಿದ್ದಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ದೇಶದಲ್ಲಿ ಮೊದಲಿಗೆ ಎಂಟು ಉತ್ಕೃಷ್ಟತಾ ಕೇಂದ್ರಗಳನ್ನು ಹೆಸರಿಸಿದಾಗ ಈ ಎರಡು ಸಂಸ್ಥೆಗಳ ಜೋಡಿ ಅವುಗಳಲ್ಲಿ ಒಂದಾಗಿತ್ತು.

ಎಲೆಕ್ಟ್ರಾನಿಕ್ ಸಿಟಿಯಿಂದ ಸ್ವಲ್ಪ ಮುಂದೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ ಮಕ್ಕಳಿಗೆ ಮೂಳೆಮಜ್ಜೆ ಕಸಿ ಮಾಡುವ ವಿಭಾಗವಿದೆ. ಅದೇ ಆವರಣದಲ್ಲಿ ಮೆಡ್‌ಜೀನೋಮ್‌ನ ಜೀನ್ ಪರೀಕ್ಷಾ ಪ್ರಯೋಗಾಲಯವಿದೆ. ನರಮಂಡಲದ ಚಿಹ್ನೆಗಳಿಂದ ಶುರುವಾಗುವ ಕಾಯಿಲೆಗಳ ಪತ್ತೆಯಲ್ಲಿ ನಿಮ್ಹಾನ್ಸ್‌ನ ಪಾತ್ರ ಹಿರಿದು. ಒಂದು ಕಡೆ ಇಷ್ಟೆಲ್ಲ ಸೌಲಭ್ಯ ಒಟ್ಟುಗೂಡಿರುವ ಊರು ದೇಶದಲ್ಲೇ ವಿರಳ. ಆದರೆ ಇದೇ ಊರಿನ ಹೊರವಲಯದ ಕಾರ್ಖಾನೆಗಳಲ್ಲಿ ದುಡಿಯುವ, ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಪೀಣ್ಯ ಕೈಗಾರಿಕಾ ಪ್ರದೇಶದ ಸುತ್ತ ಶೀಟಿನ ಮನೆಗಳಲ್ಲಿ ಬಾಡಿಗೆಗಿರುವ ಕುಟುಂಬಗಳಿಗೆ ಈ ಬಾಗಿಲುಗಳು ಎಲ್ಲಿವೆಯೆಂದು ಹೇಳಬೇಕಾದವರು ಬಡಾವಣೆಯ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಮತ್ತು ಬೀದಿಯ ಕ್ಲಿನಿಕ್ಕಿನ ಡಾಕ್ಟರು. ಆರು ತಿಂಗಳ ಕೆಲಸ ಮುಗಿಸಿ ಊರಿಗೆ ಮರಳುವ ಕುಟುಂಬದ ಮಗು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕೈತಪ್ಪಿಹೋಗುತ್ತದೆ.

ಚಿಕಿತ್ಸೆ

ಕಿಣ್ವ ಪೂರೈಕೆಯನ್ನು ಪೋಷಕರೂ ನರ್ಸ್‌ಗಳೂ ಇಆರ್‌ಟಿ ಎಂದು ಕರೆಯುತ್ತಾರೆ. ಗೋಷೆ ಮತ್ತು ಪಾಂಪೆಗೆ ಎರಡು ವಾರಕ್ಕೊಮ್ಮೆ, ಎಂಪಿಎಸ್‌ನ ಹೆಚ್ಚಿನ ಬಗೆಗಳಿಗೆ ವಾರಕ್ಕೊಮ್ಮೆ ಡ್ರಿಪ್. ವಯಲ್‌ಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕೊಡುವ ದಿನ ಹೊರತೆಗೆದು, ನೀರಿನಲ್ಲಿ ನಿಧಾನವಾಗಿ ಕರಗಿಸಿ, ಲವಣದ್ರಾವಣಕ್ಕೆ ಬೆರೆಸಿ, ಮೊದಲು ಹನಿಹನಿಯಾಗಿ, ಮಗು ತಡೆದುಕೊಂಡರೆ ಸ್ವಲ್ಪ ವೇಗವಾಗಿ ಬಿಡುತ್ತಾರೆ. ಗೋಷೆಯದ್ದು ಒಂದೆರಡು ಗಂಟೆಯಲ್ಲಿ ಮುಗಿದರೆ ಉಳಿದವಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಚಳಿಜ್ವರ, ಮೈಮೇಲೆ ದದ್ದು, ಅಪರೂಪಕ್ಕೆ ಉಸಿರಾಟದ ತೊಂದರೆ ಬರಬಹುದು. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಆಸ್ಪತ್ರೆಯಲ್ಲೇ ಕೊಡುತ್ತಾರೆ. ತಾಯಿಗೋ ತಂದೆಗೋ ಅವತ್ತಿನ ಕೂಲಿ ಇಲ್ಲ.

ರಕ್ತಕ್ಕೆ ಸೇರಿದ ಕಿಣ್ವ ಕೋಶದೊಳಗಿನ ಲೈಸೊಸೋಮನ್ನು ತಲುಪಬೇಕಾದರೆ ಅದರ ಮೈಮೇಲೆ ಸರಿಯಾದ ಸಕ್ಕರೆಯ ಗುರುತು ಇರಬೇಕು. ಗೋಷೆಯ ಕಿಣ್ವಕ್ಕೆ ಮ್ಯಾನೋಸ್ ಎಂಬ ಸಕ್ಕರೆಯ ತುದಿಗಳನ್ನು ಹೊರಗೆ ಕಾಣುವಂತೆ ಮಾಡಿದ ಮೇಲೆಯೇ, ಕೊಬ್ಬು ತುಂಬಿಕೊಳ್ಳುವ ಮ್ಯಾಕ್ರೊಫೇಜ್ ಕೋಶಗಳು ಅದನ್ನು ಒಳಗೆ ಎಳೆದುಕೊಂಡವು. ಬ್ರೇಡಿಯ ಕಾಲು ಶತಮಾನದ ದುಡಿಮೆಯ ದೊಡ್ಡ ಪಾಲು ಇದಕ್ಕೇ ಹೋಯಿತು. ಫಲಿತಾಂಶ ಮಾತ್ರ ಕಣ್ಣಿಗೆ ಕಾಣುವಂಥದ್ದು. ಕೆಲವು ತಿಂಗಳಲ್ಲಿ ರಕ್ತ ಏರುತ್ತದೆ, ಒಂದೆರಡು ವರ್ಷದಲ್ಲಿ ಹೊಟ್ಟೆ ಇಳಿಯುತ್ತದೆ, ನಿಂತುಹೋಗಿದ್ದ ಎತ್ತರ ಮತ್ತೆ ಹಿಡಿಯುತ್ತದೆ. ಪಾಂಪೆಯ ಎಳೆಗೂಸಿನ ಹೃದಯ ಕುಗ್ಗಿ ತನ್ನ ಗಾತ್ರಕ್ಕೆ ಬರುತ್ತದೆ. ಆದರೆ ಸಾಮಾನ್ಯವಾಗಿ ಬಳಸುವ ಈ ಕಿಣ್ವಗಳು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಗೋಷೆಯ ಎರಡನೆಯ ಬಗೆಗೆ, ಮಿದುಳನ್ನು ಹಿಡಿದ ಹಂಟರ್‌ಗೆ, ಎಂಪಿಎಸ್‌ನ ಇನ್ನೊಂದು ಬಗೆಯಾದ ಸ್ಯಾನ್‌ಫಿಲಿಪ್ಪೊಗೆ ಈ ಡ್ರಿಪ್‌ನಿಂದ ಪರಿಹಾರವಿಲ್ಲ. ಆಗಲೇ ಬಾಗಿದ ಬೆನ್ನುಮೂಳೆಯನ್ನೂ ಅದು ನೆಟ್ಟಗೆ ಮಾಡುವುದಿಲ್ಲ.

ಹರ್ಲರ್ ಎಂಬ ತೀವ್ರ ಬಗೆಯ ಎಂಪಿಎಸ್‌ಗೆ ಮೂಳೆಮಜ್ಜೆ ಕಸಿಯೇ ಮೊದಲ ಆಯ್ಕೆ. ದಾನಿಯ ಕೋಶಗಳ ಸಂತತಿ ಮಿದುಳಿನೊಳಗೂ ನೆಲೆಸಿ ಅಲ್ಲೇ ಕಿಣ್ವ ಒದಗಿಸುತ್ತದೆ. ಮಗುವಿಗೆ ಎರಡು, ಎರಡೂವರೆ ವರ್ಷ ತುಂಬುವ ಮೊದಲು ಕಸಿ ಆಗಬೇಕು. ತಡವಾದರೆ ಬುದ್ಧಿಶಕ್ತಿಯನ್ನು ಉಳಿಸಿಕೊಳ್ಳುವ ಅವಕಾಶ ಕಳೆದುಹೋಗುತ್ತದೆ.

ಕಿಣ್ವಕೊರತೆಯೆಂದರೆ ಎಲ್ಲವೂ ದುಬಾರಿ ಎಂದಲ್ಲ. ಲೈಸೊಸೋಮಿಗೆ ಸಂಬಂಧಿಸದ ಬಯೋಟಿನಿಡೇಸ್ ಕೊರತೆಗೆ ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್ ಎಂಬ ಅಗ್ಗದ ವಿಟಮಿನ್ ಮಾತ್ರೆ ಸಾಕು. ಅದು ಸಿಕ್ಕ ಮಗುವಿಗೆ ಫಿಟ್ಸ್ ಇಲ್ಲ, ಕಿವುಡಿಲ್ಲ. ಸಿಗದ ಮಗು ಎರಡನ್ನೂ ಹೊರಬೇಕಾಗಬಹುದು. ಗ್ಯಾಲಕ್ಟೊಸೀಮಿಯದ ಕೂಸಿಗೆ ಹಾಲು ನಿಲ್ಲಿಸಿ ಸೋಯಾ ಆಹಾರ ಕೊಟ್ಟರೆ ಜೀವ ಉಳಿಯುತ್ತದೆ. ಇವನ್ನು ಹುಟ್ಟಿದ ಮೊದಲ ದಿನಗಳಲ್ಲೇ ಹಿಮ್ಮಡಿಯ ಒಂದೆರಡು ಹನಿ ರಕ್ತದಿಂದ ಪತ್ತೆಮಾಡಬಹುದು. ನಲವತ್ತು ವರ್ಷದ ಹಿಂದೆ ಲಕ್ಷ ಶಿಶುಗಳನ್ನು ಪರೀಕ್ಷಿಸಿದ ರಾಜ್ಯದಲ್ಲಿ ಈ ತಪಾಸಣೆ ಇನ್ನೂ ಪ್ರತಿ ಸರ್ಕಾರಿ ಹೆರಿಗೆ ವಾರ್ಡಿನ ವಾಡಿಕೆ ಆಗಿಲ್ಲದಿರುವುದು ದುಃಖದ ಸಂಗತಿ.

ಹಣದ ದಾರಿಗಳು

ಇಮಿಗ್ಲುಸೆರೇಸ್‌ನ ಪೂರ್ಣ ಪ್ರಮಾಣ ಕಿಲೋ ತೂಕಕ್ಕೆ 60 ಯೂನಿಟ್. ಒಂದು ವಯಲ್‌ನಲ್ಲಿ 400 ಯೂನಿಟ್ ಇರುತ್ತದೆ. 10 ಕಿಲೋ ಮಗುವಿಗೆ ಒಂದು ಸಲಕ್ಕೆ ಒಂದೂವರೆ ವಯಲ್. ಅದೇ ಮಗು ಚಿಕಿತ್ಸೆಯಿಂದ ಚೇತರಿಸಿಕೊಂಡು 20 ಕಿಲೋ ಆದಾಗ ಮೂರು ವಯಲ್, ವರ್ಷಕ್ಕೆ 26 ಸಲದಂತೆ 78 ವಯಲ್. ಔಷಧ ಚೆನ್ನಾಗಿ ಕೆಲಸ ಮಾಡಿದಷ್ಟೂ ಮಗು ತೂಕ ಪಡೆಯುತ್ತದೆ, ತೂಕ ಪಡೆದಷ್ಟೂ ಖರ್ಚು ಏರುತ್ತದೆ. 10 ಕಿಲೋ ತೂಕದ ಮಗುವಿಗೆ ಕೆಲವು ಅಪರೂಪದ ಕಾಯಿಲೆಗಳ ಚಿಕಿತ್ಸೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮೀರಬಹುದು, ಅದು ಜೀವನಪರ್ಯಂತ, ವಯಸ್ಸು ಮತ್ತು ತೂಕದೊಂದಿಗೆ ಏರುತ್ತಲೇ ಹೋಗುತ್ತದೆ ಎಂದು 2021ರ ರಾಷ್ಟ್ರೀಯ ನೀತಿಯೇ ಒಪ್ಪಿಕೊಂಡಿದೆ.

ಪೀಣ್ಯದ ಕಾರ್ಮಿಕ ಕುಟುಂಬಕ್ಕೆ ಇರುವ ದಾರಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳು ಇದರ ವ್ಯಾಪ್ತಿಯಲ್ಲಿವೆ. 2019ರ ಜುಲೈಯಿಂದ ಮಾಲೀಕರ ಪಾಲು ಸಂಬಳದ ಶೇ 3.25, ಕಾರ್ಮಿಕರದ್ದು ಶೇ 0.75. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇಎಸ್‌ಐ ಆಸ್ಪತ್ರೆಗಳಿವೆ. ವಿಮೆ ಕಾರ್ಮಿಕನ ಹೆಂಡತಿ ಮಕ್ಕಳಿಗೂ ಅನ್ವಯಿಸುತ್ತದೆ, ಮತ್ತು ದೇಶದಲ್ಲಿ ಹಲವು ಮಕ್ಕಳು ಕಿಣ್ವ ಚಿಕಿತ್ಸೆ ಪಡೆದದ್ದು ಈ ದಾರಿಯಿಂದಲೇ. ಲೇತ್ ಮೆಷಿನ್ ನಡೆಸುವ ತಂದೆಯ ಸಂಬಳದಿಂದ ಕಡಿತವಾಗುವ ಸಣ್ಣ ಮೊತ್ತ ಲಕ್ಷಾಂತರ ರೂಪಾಯಿಯ ಔಷಧಕ್ಕೆ ಹಕ್ಕುಪತ್ರವಾಗಬಲ್ಲದು. ಸಾಮಾಜಿಕ ವಿಮೆಯ ಅರ್ಥವೇ ಅದು. ಆದರೆ ಹಕ್ಕಿಗೆ ಅಂಚುಗಳಿವೆ. ಕುಟುಂಬದವರಿಗೆ ಅತಿವಿಶೇಷ ಚಿಕಿತ್ಸೆ ಸಿಗಬೇಕಾದರೆ ಕಾರ್ಮಿಕ ನಿಗದಿತ ಕಾಲ ವಿಮೆಯಲ್ಲಿದ್ದು ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ, ಕೆಲಸ ನಡುವೆ ತಪ್ಪಿದರೆ, ಎಣಿಕೆ ಹರಿಯುತ್ತದೆ. 2017ರ ಜನವರಿಯಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಅದನ್ನು ದಾಟಿದವರು ಆ ವಂತಿಗೆಯ ಅವಧಿ ಮುಗಿದ ಮೇಲೆ ವಿಮೆಯಿಂದ ಹೊರಗೆ. ಕಾಯಿಲೆಯ ಮಗುವಿರುವ ಮನೆಯಲ್ಲಿ ಸಂಬಳ ಏರಿಕೆ ಎಂಬುದು ಹೆದರಿಕೆಯ ಸುದ್ದಿಯಾಗುವುದು ಈ ಕಾರಣಕ್ಕೆ.

ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಉದ್ಯೋಗಿಯ ಸ್ಥಿತಿ ಮೇಲ್ನೋಟಕ್ಕೆ ಬೇರೆ. ಅವರಿಗೆ ಕಂಪನಿಯ ಗುಂಪು ವಿಮೆ ಇರುತ್ತದೆ. ಆದರೆ ಅದರ ಮಿತಿ ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಲಕ್ಷ. ದೊಡ್ಡ ಪ್ರಮಾಣದ ಕಿಣ್ವಕ್ಕೆ ಅದು ಕೆಲವು ಡ್ರಿಪ್‌ಗಳಲ್ಲೇ ಕರಗಿಹೋಗುತ್ತದೆ. ಕೆಲಸ ಹೋದ ದಿನ ವಿಮೆಯೂ ಹೋಗುತ್ತದೆ. ಹೀಗಾಗಿ ಪೀಣ್ಯದ ಟರ್ನರ್ ಮತ್ತು ವೈಟ್‌ಫೀಲ್ಡ್‌ನ ಇಂಜಿನಿಯರ್ ಇಬ್ಬರೂ ಕೊನೆಗೆ ಅದೇ ಸರ್ಕಾರಿ ಮಕ್ಕಳ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕಪಕ್ಕ ಕೂರುತ್ತಾರೆ.

ಔಷಧ ಕಂಪನಿಗಳ ದಾನದ ಯೋಜನೆಗಳು ಭಾರತದಲ್ಲಿ ಮೊದಲ ಬಾಗಿಲು ತೆರೆದವು. ಜೆನ್‌ಜೈಮ್ ಕಂಪನಿ 1999ರಿಂದ ಕೆಲವು ರೋಗಿಗಳಿಗೆ ಉಚಿತವಾಗಿ ಕಿಣ್ವ ಕೊಡುತ್ತಾ ಬಂದಿತು. 2010ರಲ್ಲಿ ಪೋಷಕರು ಸೇರಿ ಲೈಸೊಸೋಮ್ ಸಂಗ್ರಹ ರೋಗಗಳ ನೆರವು ಸಂಘವನ್ನು ಕಟ್ಟಿಕೊಂಡರು. ಪಾಂಪೆ ಕಾಯಿಲೆಯಿದ್ದ ಮಗಳ ತಂದೆ ಪ್ರಸನ್ನ ಶಿರೋಳ ಅದರಲ್ಲಿ ದುಡಿದು, ಮುಂದೆ ಬೆಂಗಳೂರಿನಲ್ಲಿ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಏಳು ಸಾವಿರ ಅಪರೂಪದ ಕಾಯಿಲೆಗಳ ನೆನಪಿಗೆ ಏಳು ಕಿಲೋಮೀಟರ್ ಓಡುವ ರೇಸ್ ಫಾರ್ ಸೆವೆನ್ ಈ ಸಂಸ್ಥೆಯದ್ದೇ.

ನ್ಯಾಯಾಲಯಗಳ ಪಾತ್ರವೂ ದೊಡ್ಡದು. ಗೋಷೆ ಇದ್ದ ಒಬ್ಬ ರಿಕ್ಷಾ ಕಾರ್ಮಿಕನ ಮಗನ ಅರ್ಜಿಯ ಮೇಲೆ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮನಮೋಹನ್ 2014ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಬಡವನೆಂಬ ಕಾರಣಕ್ಕೆ ಮಗುವಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದರು. ಕರ್ನಾಟಕ ಹೈಕೋರ್ಟಿನಲ್ಲೂ ಈ ಪ್ರಶ್ನೆ ವಿಚಾರಣೆಗೆ ಬಂದಿತು, ಮತ್ತು ರಾಜ್ಯ ಸರ್ಕಾರ ಇಂದಿರಾ ಗಾಂಧಿ ಸಂಸ್ಥೆಯ ಮೂಲಕ ಮಕ್ಕಳ ಕಿಣ್ವ ಚಿಕಿತ್ಸೆಗೆ ಹಣ ಒದಗಿಸಿತು. ಕೇಂದ್ರದ ಮೊದಲ ನೀತಿ 2017ರಲ್ಲಿ ಬಂದು ಮರುವರ್ಷವೇ ತಡೆಹಿಡಿಯಲ್ಪಟ್ಟಿತು. 2021ರ ಮಾರ್ಚ್‌ನಲ್ಲಿ ಬಂದ ಎರಡನೆಯ ನೀತಿ ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗುವ ಮೊದಲ ಗುಂಪಿಗೆ ಮಾತ್ರ 20 ಲಕ್ಷ ರೂಪಾಯಿ ಹೇಳಿತ್ತು. ಗೋಷೆ, ಪಾಂಪೆ, ಎಂಪಿಎಸ್ ಇರುವ ಮೂರನೆಯ ಗುಂಪನ್ನು ಸಾರ್ವಜನಿಕ ದೇಣಿಗೆಯ ಜಾಲತಾಣಕ್ಕೆ ಬಿಟ್ಟಿತ್ತು. 2022ರ ಮೇ ತಿಂಗಳಲ್ಲಿ ತಿದ್ದುಪಡಿಯಾಗಿ ಎಲ್ಲ ಗುಂಪುಗಳಿಗೂ ಉತ್ಕೃಷ್ಟತಾ ಕೇಂದ್ರದ ಮೂಲಕ 50 ಲಕ್ಷದವರೆಗೆ ನೆರವು ಸಿಗುವಂತಾಯಿತು.

ಇದು ದೊಡ್ಡ ಹೆಜ್ಜೆಯೇ. ಹಾಗಿದ್ದೂ ಜೀವನವಿಡೀ ನಡೆಯಬೇಕಾದ ಚಿಕಿತ್ಸೆಯನ್ನು ಒಂದು ಇಡಿಗಂಟಿನಿಂದ ಅಳೆಯುವ ಕ್ರಮ ಈ ಕಾಯಿಲೆಗಳ ಸ್ವಭಾವಕ್ಕೆ ಹೊಂದುವುದಿಲ್ಲ. ವರ್ಷಕ್ಕೆ 25 ಲಕ್ಷ ಬೇಕಾದ ಮಗುವಿಗೆ ಎರಡು ವರ್ಷದಲ್ಲಿ ಹಣ ಮುಗಿಯುತ್ತದೆ. ಆಗ ಡ್ರಿಪ್ ನಿಂತರೆ ಇಳಿದಿದ್ದ ಹೊಟ್ಟೆ ಮತ್ತೆ ಏರುತ್ತದೆ. ಖರ್ಚಾದ ಹಣದ ಫಲವೂ ಹೋಗುತ್ತದೆ. ದೇಶದ ಬೇರೆ ಬೇರೆ ಕಡೆ ಹೀಗೆ ಚಿಕಿತ್ಸೆ ನಿಂತ ಮಕ್ಕಳ ಪೋಷಕರು ಮತ್ತೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟು ಅಪರೂಪದ ಕಾಯಿಲೆಗಳಿಗೆಂದೇ ರಾಷ್ಟ್ರೀಯ ನಿಧಿ ಸ್ಥಾಪಿಸಿ ಎರಡು ಆರ್ಥಿಕ ವರ್ಷಗಳಿಗೆ 974 ಕೋಟಿ ರೂಪಾಯಿ ಒದಗಿಸಲು ನಿರ್ದೇಶಿಸಿತು.

ಮುಂದಿನ ಬಸಿರು

ಒಂದು ಮಗುವಿನಲ್ಲಿ ಕಾಯಿಲೆ ಖಚಿತವಾದರೆ ಮುಂದಿನ ಬಸಿರಿನ 11ರಿಂದ 13ನೇ ವಾರದಲ್ಲಿ ಮಾಸುವಿನ ಚೂರು ತೆಗೆದು ಪರೀಕ್ಷಿಸಬಹುದು. ಗರ್ಭದ ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾನೂನು ಇಂಥ ತಳಿಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಡುತ್ತದೆ. ಇದಕ್ಕೆ ಮೊದಲ ಮಗುವಿನ ಜೀನ್ ದೋಷ ಯಾವುದೆಂದು ತಿಳಿದಿರಬೇಕು. ಆದ್ದರಿಂದ ಉಳಿಯಲಾರದ ಕೂಸಿನ ರಕ್ತವನ್ನೂ ತೆಗೆದು ಡಿಎನ್‌ಎ ಕಾಪಿಟ್ಟುಕೊಳ್ಳುವಂತೆ ತಳಿವೈದ್ಯರು ಒತ್ತಾಯಿಸುತ್ತಾರೆ. ಆ ಹೊತ್ತಿನಲ್ಲಿ ತಾಯಿಯನ್ನು ಕೇಳಲು ಸಂಕಟವಾದರೂ ಮುಂದಿನ ಮಗುವಿಗೆ ಅದೊಂದೇ ಆಧಾರ. ಮಗುವಿನ ಅಣ್ಣತಮ್ಮಂದಿರ, ಚಿಕ್ಕಮ್ಮ, ಸೋದರಮಾವಂದಿರ ವಾಹಕ ಪರೀಕ್ಷೆಯೂ ಮನೆಯೊಳಗೆ ಮದುವೆ ಮಾತು ಎತ್ತುವ ಮೊದಲು ಆದರೆ ಒಳ್ಳೆಯದು.

ಹೊಸ ಔಷಧಗಳು

2022ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಪಾಂಪೆ ಇರುವ ಭ್ರೂಣಕ್ಕೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಕಿಣ್ವ ಕೊಟ್ಟು, ಹೃದಯ ಕೆಡದೆ ಮಗು ಹುಟ್ಟಿದ್ದನ್ನು ವಿವರಿಸಿದರು. 2025ರ ಮೇ ತಿಂಗಳಲ್ಲಿ ಫಿಲಡೆಲ್ಫಿಯದಿಂದ ಬಂದ ವರದಿ ಇನ್ನೂ ಮುಂದಿನದು: ಯೂರಿಯಾ ಚಕ್ರದ ಸಿಪಿಎಸ್1 ಕಿಣ್ವವಿಲ್ಲದೆ ಹುಟ್ಟಿದ ಒಂದು ಕೂಸಿಗೆ, ಅದರ ಜೀನ್‌ನ ಒಂದು ಅಕ್ಷರವನ್ನು ತಿದ್ದುವ ಔಷಧವನ್ನು ಕೆಲವೇ ತಿಂಗಳಲ್ಲಿ ಅದೊಂದಕ್ಕಾಗಿಯೇ ತಯಾರಿಸಿ ಕೊಟ್ಟಿದ್ದರು.

ಭಾರತದ ಕುಟುಂಬಗಳಿಗೆ ಇವುಗಳಿಗಿಂತ ಹತ್ತಿರದ ಸುದ್ದಿ 2023ರ ನವೆಂಬರ್‌ನದು. ಕೆಲವು ಅಪರೂಪದ ಕಾಯಿಲೆಗಳ ಔಷಧಗಳನ್ನು ಭಾರತದ ಕಂಪನಿಗಳೇ ತಯಾರಿಸಿರುವುದಾಗಿ ಕೇಂದ್ರ ಆರೋಗ್ಯ ಸಚಿವಾಲಯ ಆಗ ಪ್ರಕಟಿಸಿತು. ಟೈರೊಸಿನೀಮಿಯದ ಮೊದಲ ಬಗೆಗೆ ಬೇಕಾದ ನಿಟಿಸಿನೋನ್ ವರ್ಷಕ್ಕೆ 2.2 ಕೋಟಿಯಿಂದ 2.5 ಲಕ್ಷಕ್ಕೆ ಇಳಿಯಿತು. ಗೋಷೆಗೆ ಬಾಯಿಂದ ನುಂಗುವ ಎಲಿಗ್ಲುಸ್ಟಾಟ್ ವರ್ಷಕ್ಕೆ 1.8ರಿಂದ 3.6 ಕೋಟಿ ಇದ್ದದ್ದು 3ರಿಂದ 6 ಲಕ್ಷಕ್ಕೆ ಬಂದಿತು. ಎಲಿಗ್ಲುಸ್ಟಾಟ್ ಕಿಣ್ವವಲ್ಲ, ಒಡೆಯಲಾಗದ ಕೊಬ್ಬು ತಯಾರಾಗುವುದನ್ನೇ ತಗ್ಗಿಸುವ ಸಣ್ಣ ಅಣು. ಹಾಗಾಗಿಯೇ ಮಾತ್ರೆ ತಯಾರಿಸುವ ಕಾರ್ಖಾನೆಗಳಿಗೆ ಅದನ್ನು ಮಾಡಲು ಸಾಧ್ಯವಾಯಿತು. ಮೊದಲ ಬಗೆಯ ವಯಸ್ಕ ರೋಗಿಗಳಿಗೆ ಇದು ದೊಡ್ಡ ಬಿಡುಗಡೆ. ಎಳೆಯ ಮಕ್ಕಳಿಗೆ, ಮಿದುಳಿಗೆ ಹರಡುವ ಬಗೆಗಳಿಗೆ ಈ ಮಾತ್ರೆ ಒದಗುವುದಿಲ್ಲ.

ಕಿಣ್ವಗಳ ಮಾತು ಬೇರೆ. ಅವು ಜೀವಂತ ಕೋಶಗಳಲ್ಲಿ ಬೆಳೆಯಬೇಕಾದ ದೊಡ್ಡ ಪ್ರೋಟೀನುಗಳು, ಮೈಮೇಲಿನ ಸಕ್ಕರೆಯ ಗುರುತು ಸಹಿತ. ಅಂಥ ಜೈವಿಕ ಔಷಧಗಳನ್ನು ತಯಾರಿಸುವ ವಿದ್ಯೆ ಇದೇ ಹೊಸೂರು ರಸ್ತೆಯಲ್ಲಿದೆ. 1978ರಲ್ಲಿ ಪರಂಗಿಹಣ್ಣಿನ ಪಪೈನ್ ಎಂಬ ಕಿಣ್ವದಿಂದ ಶುರುವಾದ ಬಯೋಕಾನ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿ 2004ರಲ್ಲಿ ತನ್ನ ಇನ್ಸುಲಿನ್ ಬಿಡುಗಡೆ ಮಾಡಿತು. ಇನ್ಸುಲಿನ್ ಬಳಸುವವರು ಲಕ್ಷಾಂತರ, ಕಿಣ್ವ ಬೇಕಾದ ಮಕ್ಕಳು ಕೆಲವೇ ನೂರು. ಇಷ್ಟು ಕಡಿಮೆ ಮಕ್ಕಳಿಗಾಗಿ ಒಂದು ಉತ್ಪಾದನಾ ಸಾಲನ್ನು ಕಟ್ಟಲು ಸರ್ಕಾರ ಖರೀದಿಯ ಖಾತರಿ ಕೊಡದೆ ಯಾವ ಕಂಪನಿಯೂ ಮುಂದಾಗುವುದು ಕಷ್ಟ. ಅಲ್ಲಿಯ ತನಕ ಇಂದಿರಾ ಗಾಂಧಿ ಸಂಸ್ಥೆಯ ವಾರ್ಡಿನಲ್ಲಿ ಮಕ್ಕಳಿಗೆ ಏರುವ ವಯಲ್‌ಗಳು ವಿದೇಶದಿಂದಲೇ ಬರಬೇಕು. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ರೋಗಿಗಳು ಸ್ವಂತ ಬಳಕೆಗೆ ತರಿಸಿಕೊಳ್ಳುವ ಔಷಧದ ಮೇಲಿನ ಮೂಲ ಆಮದು ಸುಂಕವನ್ನು 2023ರ ಏಪ್ರಿಲ್ 1ರಿಂದ ಕೇಂದ್ರ ಪೂರ್ತಿ ತೆಗೆದುಹಾಕಿದೆ.